ಬಾಡಿಗೆ ಕರಾರಿಗೆ ಸಹಿ ಹಾಕುವ ಮುಂಚೆ: ಫ್ರೀಮಾಂಟ್‌ನ ಸರ್ಕಾರಿ ಶಾಲೆಗೆ ಮಗುವನ್ನು ಸೇರಿಸುವ ಕನ್ನಡ ಕುಟುಂಬಗಳಿಗೆ

ಬೆಂಗಳೂರಿನಲ್ಲಿ ‘ಪಬ್ಲಿಕ್ ಸ್ಕೂಲ್’ ಅಂದರೆ ಫೀಸು ಕಟ್ಟುವ ಖಾಸಗಿ ಶಾಲೆ. ಕ್ಯಾಲಿಫೋರ್ನಿಯಾದಲ್ಲಿ ಅದು ಅಪ್ಪಟ ಸರ್ಕಾರಿ ಶಾಲೆ. ಫೀಸಿಲ್ಲ, ಡೊನೇಷನ್ನಿಲ್ಲ, ಪ್ರವೇಶಕ್ಕೆ ಸಂದರ್ಶನವೂ ಇಲ್ಲ. ‘ಡಿಸ್ಟ್ರಿಕ್ಟ್’ ಕೂಡ ನಮ್ಮ ಜಿಲ್ಲೆಯಲ್ಲ. ನಮ್ಮ ಜಿಲ್ಲೆಗೆ ಹತ್ತಿರವಾದದ್ದು ಕೌಂಟಿ. ಸ್ಕೂಲ್ ಡಿಸ್ಟ್ರಿಕ್ಟ್ ಅಂದರೆ ಒಂದೋ ಎರಡೋ ಊರಿನ ಶಾಲೆಗಳನ್ನು ನಡೆಸುವ, ಜನರೇ ಆರಿಸಿದ ಮಂಡಳಿ ಇರುವ ಪ್ರತ್ಯೇಕ ಸಂಸ್ಥೆ.

ಫ್ರೀಮಾಂಟ್‌ನ ತರಗತಿಗಳಲ್ಲಿ ಮ್ಯಾಂಡರಿನ್, ಸ್ಪ್ಯಾನಿಷ್, ತೆಲುಗು, ಪಂಜಾಬಿ, ಹಿಂದಿ, ಅಫ್ಘಾನಿಸ್ತಾನದ ದರಿ ಮಾತಾಡುವ ಮಕ್ಕಳು ಅಕ್ಕಪಕ್ಕ ಕೂರುತ್ತಾರೆ. ಹೊಸ ದೇಶದಿಂದ ಬಂದ ಮಗು ಇಲ್ಲಿನ ಶಾಲಾ ಕಚೇರಿಗೆ ಹೊಸತಲ್ಲ. ಆದರೂ ಒಂದು ಮಾತನ್ನು ಮೊದಲೇ ತಿಳಿದಿರಿ: ಕಾನೂನು ಮಗುವಿಗೆ ಬಹಳಷ್ಟು ಕೊಡುತ್ತದೆ, ಆದರೆ ಅದು ಹಾಕಿದ ಗಡುವುಗಳಲ್ಲಿ ಹೆಚ್ಚಿನವು ನೀವು ಬರೆದು ಕೊಟ್ಟ ತಾರೀಖಿನಿಂದ ಓಡತೊಡಗುತ್ತವೆ. ಬಾಗಿಲಲ್ಲಿ ನಿಂತು ಟೀಚರ್‌ಗೆ ಹೇಳಿದ ಮಾತಿಗೆ ತಾರೀಖಿಲ್ಲ.

ಮನೆ ಯಾವ ಶಾಲೆಗೆ ಸೇರಿದೆ

ಶಾಲೆಯನ್ನು ನಿರ್ಧರಿಸುವುದು ಮನೆಯ ವಿಳಾಸ. ಒಂದೇ ರಸ್ತೆಯ ಎಡಬಲ ಬೇರೆ ಬೇರೆ ಶಾಲೆಗೆ ಸೇರಿರಬಹುದು. ಅಪಾರ್ಟ್‌ಮೆಂಟಿನವರ ಮಾತನ್ನೋ ಮನೆ ಹುಡುಕುವ ಜಾಲತಾಣದ ನಕ್ಷೆಯನ್ನೋ ನಂಬಬೇಡಿ. ಡಿಸ್ಟ್ರಿಕ್ಟಿನ ಜಾಲತಾಣದಲ್ಲಿ ವಿಳಾಸ ಹಾಕಿ ಶಾಲೆ ಹುಡುಕುವ ಸೌಲಭ್ಯ ಇರುತ್ತದೆ; ಅಲ್ಲಿ ಮನೆ ನಂಬರ್ ಸಮೇತ ಹಾಕಿ ನೋಡಿ. ಆಮೇಲೆ ಎನ್‌ರೋಲ್‌ಮೆಂಟ್ ಕಚೇರಿಗೆ ಫೋನ್ ಮಾಡಿ, ಆ ಶಾಲೆಯ ಆ ತರಗತಿಯಲ್ಲಿ ಈಗ ಜಾಗ ಇದೆಯೇ ಎಂದು ಕೇಳಿ. ತರಗತಿ ತುಂಬಿದ್ದರೆ, ಮನೆ ಎದುರಿಗೇ ಶಾಲೆ ಇದ್ದರೂ ಮಗುವನ್ನು ಎರಡು ಮೂರು ಮೈಲಿ ದೂರದ ಶಾಲೆಗೆ ಹಾಕಬಹುದು. ಕಾರು ಒಂದೇ ಇರುವ ಮನೆಗೆ ಇದು ದಿನವೂ ಕಾಡುವ ಕಷ್ಟ.

ಹೆಸರಿನ ಗೊಂದಲವೂ ಒಂದಿದೆ. ಫ್ರೀಮಾಂಟ್ ಊರಿನ ಶಾಲೆಗಳನ್ನು ನಡೆಸುವುದು ಫ್ರೀಮಾಂಟ್ ಯೂನಿಫೈಡ್ ಎಂಬ ಡಿಸ್ಟ್ರಿಕ್ಟ್. ‘ಫ್ರೀಮಾಂಟ್ ಯೂನಿಯನ್ ಹೈಸ್ಕೂಲ್ ಡಿಸ್ಟ್ರಿಕ್ಟ್’ ಎನ್ನುವುದು ಬೇರೆಯೇ; ಅದು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಆಚೆ ಸನಿವೇಲ್, ಕೂಪರ್ಟಿನೊ ಕಡೆಯದು. ಫ್ರೀಮಾಂಟ್ ಹೈಸ್ಕೂಲ್ ಇರುವುದೂ ಸನಿವೇಲ್‌ನಲ್ಲೇ. ಫ್ರೀಮಾಂಟ್ ಊರಿನಲ್ಲಿರುವ ದೊಡ್ಡ ಹೈಸ್ಕೂಲುಗಳು ಐದು: ಅಮೆರಿಕನ್, ಅರ್ವಿಂಗ್ಟನ್, ಕೆನಡಿ, ಮಿಷನ್ ಸ್ಯಾನ್ ಹೋಸೆ, ವಾಷಿಂಗ್ಟನ್. ಭಾರತದಲ್ಲೇ ಕೂತು ಮನೆ ಹುಡುಕುವವರು ಈ ಎರಡು ಹೆಸರನ್ನು ಕಲಸಿಕೊಳ್ಳುವುದು ತೀರಾ ಸುಲಭ.

ಕಾಗದಪತ್ರ

ಬೇಕಾದದ್ದು ನಾಲ್ಕು: ಮಗುವಿನ ವಯಸ್ಸಿಗೆ ಪುರಾವೆ (ಜನನ ಪ್ರಮಾಣಪತ್ರ ಅಥವಾ ಪಾಸ್‌ಪೋರ್ಟ್), ವಿಳಾಸಕ್ಕೆ ಪುರಾವೆ (ಬಾಡಿಗೆ ಕರಾರು, ಕರೆಂಟ್ ಬಿಲ್ಲು), ಲಸಿಕೆಯ ದಾಖಲೆ, ಹಿಂದಿನ ಶಾಲೆಯ ಅಂಕಪಟ್ಟಿ. ಕರೆಂಟ್ ಬಿಲ್ಲು ಬರಲು ಒಂದು ತಿಂಗಳು ಬೇಕು. ಅಲ್ಲಿಯವರೆಗೆ ಸಂಪರ್ಕ ಶುರುವಾಗಿದೆ ಎನ್ನುವ ಪತ್ರವನ್ನು ಪಿಜಿ ಅಂಡ್ ಇ ಕಂಪನಿಯಿಂದ ತರಿಸಿಕೊಂಡು, ಅದು ನಡೆಯುತ್ತದೆಯೇ ಎಂದು ಕಚೇರಿಯಲ್ಲಿ ಕೇಳಿ. ನೆಂಟರ ಮನೆಯಲ್ಲಿ ಇಳಿದುಕೊಂಡಿದ್ದರೆ ಅದಕ್ಕೆ ಪ್ರತ್ಯೇಕ ಅಫಿಡವಿಟ್ ಫಾರಂ ಇರುತ್ತದೆ, ಕೇಳಿ ಪಡೆಯಿರಿ.

ವೀಸಾ ಪ್ರತಿ ಬೇಕಿಲ್ಲ, ಸೋಶಿಯಲ್ ಸೆಕ್ಯುರಿಟಿ ನಂಬರೂ ಬೇಕಿಲ್ಲ. ವಲಸೆ ಸ್ಥಿತಿಯ ಕಾರಣಕ್ಕೆ ಮಗುವಿಗೆ ಶಾಲೆ ನಿರಾಕರಿಸುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1982ರಲ್ಲೇ, ಪ್ಲೈಲರ್ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿದೆ. ಕೇಳದ ಕಾಗದವನ್ನು ಕೊಡಬೇಡಿ.

ತರಗತಿ ನಿರ್ಧಾರವಾಗುವುದು ವಯಸ್ಸಿನಿಂದ. ಸೆಪ್ಟೆಂಬರ್ 1ಕ್ಕೆ 5 ತುಂಬಿದ್ದರೆ ಕಿಂಡರ್‌ಗಾರ್ಟನ್, 6 ತುಂಬಿದ್ದರೆ ಒಂದನೇ ತರಗತಿ. 2025-26ರಿಂದ 4 ತುಂಬಿದ ಎಲ್ಲ ಮಕ್ಕಳಿಗೂ ‘ಟಿಕೆ’ ಎಂಬ, ಕಿಂಡರ್‌ಗಾರ್ಟನ್‌ಗೆ ಮುಂಚಿನ ತರಗತಿ ಇದೆ. ಮಾರ್ಚಿನಲ್ಲಿ ಎರಡನೇ ಕ್ಲಾಸ್ ಮುಗಿಸಿ ಏಪ್ರಿಲ್‌ನಲ್ಲಿ ಬಂದ ಮಗುವನ್ನು ಇಲ್ಲಿ ಮತ್ತೆ ಎರಡನೇ ಕ್ಲಾಸಿನಲ್ಲೇ ಕೂರಿಸುತ್ತಾರೆ, ಏಕೆಂದರೆ ಇಲ್ಲಿ ಆ ವರ್ಷ ಜೂನ್‌ವರೆಗೆ ಇದೆ. ಅದಕ್ಕೆ ಜಗಳ ಬೇಡ. ಆ ಎರಡು ತಿಂಗಳಲ್ಲಿ ಮಗು ಉಚ್ಚಾರಣೆ, ಗೆಳೆಯರು, ಶಾಲೆಯ ರೀತಿನೀತಿ ಎಲ್ಲವನ್ನೂ ಒತ್ತಡವಿಲ್ಲದೆ ಹಿಡಿದುಕೊಳ್ಳುತ್ತದೆ.

ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇರುವ ಮಕ್ಕಳ ವೀಸಾದಲ್ಲಿ ಮೊದಲ ಹೆಸರಿನ ಕಡೆ ‘ಎಫ್‌ಎನ್‌ಯು’ ಎಂದು ಬಂದಿರುತ್ತದೆ. ‘ಮೊದಲ ಹೆಸರು ತಿಳಿದಿಲ್ಲ’ ಎನ್ನುವುದರ ಸಂಕ್ಷೇಪ ಅದು. ಅದನ್ನೇ ಅರ್ಜಿಯಲ್ಲಿ ತುಂಬಿದರೆ ಹಾಜರಿ ಪುಸ್ತಕದಲ್ಲೂ ಅದೇ ಕೂರುತ್ತದೆ, ಟೀಚರ್ ಅದನ್ನೇ ಕೂಗುತ್ತಾರೆ. ಅರ್ಜಿಯ ‘ಪ್ರಿಫರ್ಡ್ ನೇಮ್’ ಜಾಗದಲ್ಲಿ ಮಗುವನ್ನು ಕರೆಯುವ ಹೆಸರು ಬರೆಯಿರಿ. ಮೊದಲ ದಿನವೇ ಟೀಚರ್‌ಗೆ ಎರಡು ಸಾಲಿನ ಇಮೇಲ್ ಕಳಿಸಿ, ಹೆಸರು ಹೇಳುವ ಬಗೆಯನ್ನು ಉಚ್ಚಾರಾಂಶ ಬಿಡಿಸಿ ತಿಳಿಸಿ. ಮಗು ತನ್ನ ಹೆಸರನ್ನು ತಾನೇ ಮೊಟಕು ಮಾಡಿಕೊಂಡು ಬದಲಾಯಿಸುವ ಮೊದಲೇ ಈ ಕೆಲಸ ಆಗಬೇಕು.

ಲಸಿಕೆ: ಹೆಚ್ಚು ಮಕ್ಕಳಿಗೆ ತಡೆಯಾಗುವುದು ಇಲ್ಲೇ

ಕಿಂಡರ್‌ಗಾರ್ಟನ್‌ನಿಂದ ಮೇಲಿನವರಿಗೆ ಕ್ಯಾಲಿಫೋರ್ನಿಯಾ ಕೇಳುವುದು ಪೋಲಿಯೊ 4, ಡಿಪಿಟಿ 5, ಹೆಪಟೈಟಿಸ್ ಬಿ 3, ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ) 2, ಚಿಕನ್‌ಪಾಕ್ಸ್ 2. (ಪೋಲಿಯೊ, ಡಿಪಿಟಿಯ ಕೊನೆಯ ಡೋಸು 4 ವರ್ಷ ತುಂಬಿದ ಮೇಲೆ ಹಾಕಿದ್ದರೆ ಒಂದೊಂದು ಕಡಿಮೆ ಸಾಕು.) ಏಳನೇ ತರಗತಿಗೆ ಮುಂಚೆ ಟಿಡ್ಯಾಪ್ (ಡಿಪಿಟಿಯದೇ ದೊಡ್ಡ ಮಕ್ಕಳ ಬೂಸ್ಟರ್) ಒಂದು ಡೋಸು.

ನಮ್ಮ ಸರ್ಕಾರಿ ಲಸಿಕಾ ಕಾರ್ಡು ಇಲ್ಲಿ ಮೂರು ಕಡೆ ಕೈಕೊಡುತ್ತದೆ. ಒಂದು, ಅಂಗನವಾಡಿಯಲ್ಲಿ ಹಾಕುವುದು ಎಂಆರ್. ಅದರಲ್ಲಿ ಮಂಗನಬಾವಿನ ಲಸಿಕೆ ಇಲ್ಲ. ಮೇಲಾಗಿ ಮೊದಲ ಡೋಸು 9 ತಿಂಗಳಿಗೇ ಬೀಳುತ್ತದೆ, ಇಲ್ಲಿ ಒಂದು ವರ್ಷ ತುಂಬುವ ಮುಂಚಿನ ಡೋಸು ಲೆಕ್ಕಕ್ಕಿಲ್ಲ. ಎರಡು, ಚಿಕನ್‌ಪಾಕ್ಸ್ ಲಸಿಕೆ ಸರ್ಕಾರಿ ಪಟ್ಟಿಯಲ್ಲೇ ಇಲ್ಲ. ಮೂರು, 2016ರ ಏಪ್ರಿಲ್ 1ರ ನಂತರ ಬಾಯಿಗೆ ಹಾಕಿದ ಪೋಲಿಯೊ ಹನಿಯನ್ನು ಅಮೆರಿಕದಲ್ಲಿ ಎಣಿಸುವುದಿಲ್ಲ. ಚುಚ್ಚುಮದ್ದಿನ ಪೋಲಿಯೊ ಬೇಕು. ಊರಿನಿಂದ ಹೊರಡುವ ಎರಡು ತಿಂಗಳ ಮುಂಚೆ ಮಕ್ಕಳ ಡಾಕ್ಟರ ಹತ್ತಿರ ಈ ಪಟ್ಟಿ ಇಟ್ಟು ಕೂತರೆ ಇಲ್ಲಿ ಒಂದೇ ದಿನ ಕೈತುಂಬ ಸೂಜಿ ಚುಚ್ಚಿಸುವುದು ತಪ್ಪುತ್ತದೆ.

ಇನ್ನು ತಾರೀಖು. ಮಗು ಹುಟ್ಟಿದ್ದು 2018ರ ಜುಲೈ 12 ಅಂದುಕೊಳ್ಳಿ. ಎಂಎಂಆರ್ ಹಾಕಿಸಿದ್ದು 2019ರ ಆಗಸ್ಟ್ 5. ಕಾರ್ಡಿನಲ್ಲಿ ಡಾಕ್ಟರು ಬರೆದಿರುವುದು 05/08/2019. ಇಲ್ಲಿ ತಿಂಗಳನ್ನು ಮೊದಲು ಓದುತ್ತಾರೆ, ಹಾಗಾಗಿ ಶಾಲೆಯ ನರ್ಸ್ ಕಣ್ಣಿಗೆ ಅದು ಮೇ 8. ಅಂದರೆ ಒಂದು ವರ್ಷ ತುಂಬುವ ಮುಂಚೆ! ಸರಿಯಾಗಿ ಬಿದ್ದ ಡೋಸು ಲೆಕ್ಕದಿಂದ ಹೊರಗೆ. ಡಾಕ್ಟರ ಲೆಟರ್‌ಹೆಡ್ಡಿನ ಮೇಲೆ ಇಂಗ್ಲಿಷಿನಲ್ಲಿ, ತಿಂಗಳನ್ನು ಅಂಕಿಯಲ್ಲಲ್ಲದೆ ಅಕ್ಷರದಲ್ಲಿ ಬರೆಸಿ, ಸಹಿ ಮತ್ತು ಮೊಹರು ಹಾಕಿಸಿ ತನ್ನಿ. ‘ನಂಬಿಕೆಗೆ ವಿರುದ್ಧ’ ಎಂದು ಲಸಿಕೆ ಬಿಡುವ ಅವಕಾಶವನ್ನು ರಾಜ್ಯ 2015ರ ಕಾನೂನಿನಿಂದ ತೆಗೆದುಹಾಕಿದೆ.

ಟಿಬಿ ಪರೀಕ್ಷೆ ಕೇಳಿದರೆ ರಕ್ತಪರೀಕ್ಷೆ ಮಾಡಿಸಿ. ಚರ್ಮದ ಪರೀಕ್ಷೆ ಮಾಡಿದರೆ, ಹುಟ್ಟಿದಾಗ ಹಾಕಿದ ಬಿಸಿಜಿಯಿಂದಲೇ ಪಾಸಿಟಿವ್ ಬಂದು ಎಕ್ಸ್‌ರೇವರೆಗೆ ಎಳೆದಾಡಿಸಬಹುದು.

ಮನೆಭಾಷೆಯ ನಾಲ್ಕು ಪ್ರಶ್ನೆ

ಮಗು ಮೊದಲು ಕಲಿತ ಭಾಷೆ ಯಾವುದು, ಮನೆಯಲ್ಲಿ ಹೆಚ್ಚು ಆಡುವುದು ಯಾವುದು, ನೀವು ಮಗುವಿನ ಜೊತೆ ಆಡುವುದು ಯಾವುದು, ದೊಡ್ಡವರು ತಮ್ಮೊಳಗೆ ಆಡುವುದು ಯಾವುದು. ಮೊದಲ ಮೂರರಲ್ಲಿ ಒಂದಕ್ಕೆ ಇಂಗ್ಲಿಷ್ ಬಿಟ್ಟು ಬೇರೆ ಉತ್ತರ ಬರೆದರೂ, ಸೇರಿದ 30 ದಿನದೊಳಗೆ ಮಗುವಿಗೆ ‘ಎಲ್ಪ್ಯಾಕ್’ ಎಂಬ ಇಂಗ್ಲಿಷ್ ಪರೀಕ್ಷೆ ಆಗಬೇಕು. ಕೇಳುವುದು, ಮಾತು, ಓದು, ಬರಹ ನಾಲ್ಕನ್ನೂ ನೋಡುತ್ತಾರೆ.

ಇದಕ್ಕೆ ಹೆದರಿ ಎಲ್ಲ ಕಡೆ ‘ಇಂಗ್ಲಿಷ್’ ಎಂದು ಬರೆಯುವವರಿದ್ದಾರೆ. ಅದು ಮಗುವಿಗೆ ಮಾಡುವ ಅನ್ಯಾಯ. ಸಹಾಯ ಬೇಕಾದ ಮಗುವಿಗೆ ಕಾನೂನುಬದ್ಧವಾಗಿ ಸಿಗಬೇಕಾದ ಪಾಠ ತಪ್ಪಿಹೋಗುತ್ತದೆ. 1974ರಲ್ಲಿ ಪಕ್ಕದ ಸ್ಯಾನ್ ಫ್ರಾನ್ಸಿಸ್ಕೊದ ಚೀನೀ ಕುಟುಂಬಗಳು ಸುಪ್ರೀಂ ಕೋರ್ಟಿನವರೆಗೆ ಹೋಗಿ, ಲಾವ್ ಮೊಕದ್ದಮೆಯಲ್ಲಿ ಗೆದ್ದು ತಂದ ಹಕ್ಕು ಅದು. ಇಂಗ್ಲಿಷ್ ಚೆನ್ನಾಗಿದ್ದರೆ ಮಗು ಮೊದಲ ಪರೀಕ್ಷೆಯಲ್ಲೇ ದಾಟುತ್ತದೆ, ಅಲ್ಲಿಗೆ ಮುಗಿಯಿತು. ದಾಟದಿದ್ದರೆ ಇಂಗ್ಲಿಷ್ ಕಲಿಯುವವರ ಪಟ್ಟಿಗೆ ಸೇರುತ್ತದೆ, ಪ್ರತಿ ವರ್ಷ ಫೆಬ್ರುವರಿ-ಮೇ ನಡುವೆ ಮತ್ತೆ ಪರೀಕ್ಷೆ. ಒಟ್ಟಾರೆ ಫಲಿತಾಂಶ 4ನೇ ಹಂತ ಮುಟ್ಟಿ, ಟೀಚರ್ ಅಭಿಪ್ರಾಯ, ನಿಮ್ಮ ಅಭಿಪ್ರಾಯ, ಓದು ಬರಹದ ಮಟ್ಟ ಎಲ್ಲ ಕೂಡಿಬಂದರೆ ಪಟ್ಟಿಯಿಂದ ಹೊರಗೆ. ಕಣ್ಣಿಡಬೇಕಾದದ್ದು ಐದನೇ ತರಗತಿಯ ಹೊತ್ತಿಗೆ. ಮಿಡ್ಲ್ ಸ್ಕೂಲಿನಲ್ಲೂ ಪಟ್ಟಿಯಲ್ಲೇ ಉಳಿದರೆ ಇಂಗ್ಲಿಷ್ ಪಾಠದ ಪೀರಿಯಡ್ಡು ಸಂಗೀತ, ಚಿತ್ರಕಲೆಯ ಜಾಗವನ್ನು ನುಂಗಬಹುದು. ನಾಲ್ಕು ವಿಭಾಗದಲ್ಲಿ ಯಾವುದರಲ್ಲಿ ಅಂಕ ಕಮ್ಮಿ ಎಂದು ಕೇಳಿ, ಅದನ್ನೇ ತಿದ್ದಿ.

ಭಾಷೆಯ ಹೆಸರನ್ನು ಬಾಯಲ್ಲಿ ಹೇಳಿ ಬಿಡಬೇಡಿ. ಫೋನಿನಲ್ಲಿ ‘ಕನ್ನಡ’ ಅಂದರೆ ಆ ಕಡೆಯವರಿಗೆ ಕೆನಡಾ ದೇಶ ಕೇಳಿಸುತ್ತದೆ, ಮುಂದೆ ಇಂಗ್ಲಿಷ್ ಅಂತಲೋ ಫ್ರೆಂಚ್ ಅಂತಲೋ ದಾಖಲಾಗಬಹುದು. ಅಕ್ಷರ ಬಿಡಿಸಿ ಹೇಳಿ, ದಕ್ಷಿಣ ಭಾರತದ ಭಾಷೆ ಎಂದು ಸೇರಿಸಿ, ದಾಖಲೆಯ ಪ್ರತಿಯನ್ನು ಕಣ್ಣಾರೆ ನೋಡಿ. ತಪ್ಪು ಬರೆದಿದ್ದರೆ ಮೊದಲ ಪರೀಕ್ಷೆಗೆ ಮುಂಚೆ ತಿದ್ದಿಸಬಹುದು.

ಶಾಲೆಯ ಮಕ್ಕಳಲ್ಲಿ ಶೇ. 15ರಷ್ಟು ಒಂದೇ ಭಾಷೆಯವರಿದ್ದರೆ ಮಾತ್ರ ರಾಜ್ಯದ ಕಾನೂನು ಆ ಭಾಷೆಯಲ್ಲಿ ಪತ್ರ ಕಳಿಸಬೇಕೆನ್ನುತ್ತದೆ, ಕನ್ನಡಕ್ಕೆ ಆ ಸಂಖ್ಯೆ ಸಿಗುವುದಿಲ್ಲ. ಆದರೆ ಮುಖ್ಯ ಸಭೆಗಳಿಗೆ ಕನ್ನಡ ದುಭಾಷಿಯನ್ನು ಕೇಳಬಹುದು. ಸಾಮಾನ್ಯವಾಗಿ ಫೋನಿನ ಮೂಲಕ ಒದಗಿಸುತ್ತಾರೆ. ಅಜ್ಜಿ ತಾತ ಮಗುವನ್ನು ನೋಡಿಕೊಳ್ಳುವ ಮನೆಗಳಲ್ಲಿ ಇದು ತುಂಬ ಉಪಯೋಗ. ಮಗುವನ್ನೇ ದುಭಾಷಿಯಾಗಿ ಕೂರಿಸಬೇಡಿ, ತನ್ನ ಮೇಲಿನ ದೂರನ್ನು ತಾನೇ ಅನುವಾದಿಸುವ ಪಾಡು ಮಗುವಿಗೆ ಬೇಡ.

ಮೊದಲ ವಾರಗಳು

ಕೆಲವು ಮಾತುಗಳನ್ನು ಮನೆಯಲ್ಲೇ ಹೇಳಿಕೊಡಿ. ‘ರಬ್ಬರ್’ ಅನ್ನಬಾರದು, ಇಲ್ಲಿ ಅದಕ್ಕೆ ಬೇರೆ ಅರ್ಥವಿದೆ, ‘ಎರೇಸರ್’ ಅನ್ನಬೇಕು. ‘ಡೌಟ್’ ಇದೆ ಅಂದರೆ ಟೀಚರ್ ಹೇಳಿದ್ದರ ಮೇಲೆ ಅಪನಂಬಿಕೆ ಎಂದಾಗುತ್ತದೆ, ‘ಕ್ವೆಶ್ಚನ್’ ಅನ್ನಿಸಿ. ‘ಝೆಡ್’ ಅಲ್ಲ, ‘ಝೀ’. ಫುಲ್‌ಸ್ಟಾಪ್ ಇಲ್ಲಿ ‘ಪೀರಿಯಡ್’. ಲಕ್ಷವನ್ನು 1,00,000 ಎಂದು ಬರೆದರೆ ಕೆಂಪು ಗೆರೆ ಬೀಳುತ್ತದೆ; 100,000 ಎಂದೇ ಬರೆಯಬೇಕು. ಗಣಿತದಲ್ಲಿ ಉತ್ತರ ಬಂದರೆ ಸಾಲದು, ಹೇಗೆ ಬಂತು ಎಂದು ಬರೆದು ವಿವರಿಸಬೇಕು. ಮಗ್ಗಿ ಬಾಯಿಗೆ ಬರುವ ನಮ್ಮ ಮಕ್ಕಳು ಇಲ್ಲೇ ಅಂಕ ಕಳೆದುಕೊಳ್ಳುವುದು.

ಟೀಚರ್ ಕಣ್ಣನ್ನು ನೋಡದೆ ತಲೆ ತಗ್ಗಿಸಿ ನಿಲ್ಲುವುದು ನಮ್ಮಲ್ಲಿ ಮರ್ಯಾದೆ. ಇಲ್ಲಿ ಅದನ್ನು ಭಯ ಅಂತಲೋ ಅರ್ಥವಾಗಿಲ್ಲ ಅಂತಲೋ ತಿಳಿಯುತ್ತಾರೆ. ಇದನ್ನು ಟೀಚರ್‌ಗೂ ಮೊದಲೇ ತಿಳಿಸಿ.

2022-23ರಿಂದ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಕೇಳಿದ ಮಗುವಿಗೆಲ್ಲ ಬೆಳಗಿನ ತಿಂಡಿ, ಮಧ್ಯಾಹ್ನದ ಊಟ ಉಚಿತ. ಸಸ್ಯಾಹಾರಿ ಮನೆಯವರು ಮೆನು ನೋಡಿ ಗುರುತು ಮಾಡಿಕೊಡಿ: ಪೆಪರೋನಿ ಅಂದರೆ ಮಾಂಸ, ಮಾರ್ಷ್‌ಮೆಲೋದಲ್ಲಿ ಜೆಲಟಿನ್ ಇರುತ್ತದೆ. ಬುತ್ತಿ ಕಟ್ಟುವುದಾದರೆ ಮಗು ತಾನೇ ತೆರೆಯಬಲ್ಲ ಡಬ್ಬಿ ಇರಲಿ. ಬಿಸಿ ಮಾಡಿಕೊಡುವವರು ಯಾರೂ ಇಲ್ಲ, ತಿನ್ನಲು ಸಿಗುವ ಹೊತ್ತೂ ಕಡಿಮೆ. ಇಡ್ಲಿ ಒಣಗುತ್ತದೆ, ಮೊಸರನ್ನ ನಿಲ್ಲುತ್ತದೆ. ಚಿತ್ರಾನ್ನದ ಕಡಲೆಬೀಜ, ಶೇಂಗಾ ಚಟ್ನಿಪುಡಿ, ಚಿಕ್ಕಿ ಇವನ್ನು ಹಾಕುವ ಮುಂಚೆ ತರಗತಿಯಲ್ಲಿ ಯಾರಿಗಾದರೂ ಅಲರ್ಜಿ ಇದೆಯೇ ಕೇಳಿ. ಪಕ್ಕದ ಮಗುವಿಗೆ ಅದು ಪ್ರಾಣದ ವಿಷಯ. ಕೆಮ್ಮಿನ ಸಿರಪ್ಪನ್ನೂ ಬ್ಯಾಗಿನಲ್ಲಿ ಕಳಿಸುವಂತಿಲ್ಲ, ಡಾಕ್ಟರ್ ಸಹಿ ಮಾಡಿದ ಫಾರಂ ಜೊತೆ ಕಚೇರಿಗೇ ಕೊಡಬೇಕು.

ಶಾಲೆಯ ಪ್ರವಾಸಕ್ಕೂ ಕಾಗದ ಬಣ್ಣಕ್ಕೂ ಹಣ ಕೇಳುವ ಪತ್ರ ಬರುತ್ತದೆ. ಅದು ದೇಣಿಗೆ ಮಾತ್ರ. ಕೊಡಲಾಗದಿದ್ದರೆ ಮಗುವನ್ನು ಬಿಟ್ಟುಹೋಗುವಂತಿಲ್ಲ, ಶುಲ್ಕ ಕಡ್ಡಾಯ ಮಾಡಲು ರಾಜ್ಯದ ಕಾನೂನು ಬಿಡುವುದಿಲ್ಲ.

ಹಬ್ಬ, ಊರಿನ ಪ್ರಯಾಣ

ಕ್ಯಾಲಿಫೋರ್ನಿಯಾದಲ್ಲಿ ಶಾಲೆಗೆ ಹಣ ಬರುವುದು ದಾಖಲಾದ ಮಕ್ಕಳ ಲೆಕ್ಕದಲ್ಲಿ ಅಲ್ಲ, ದಿನದ ಸರಾಸರಿ ಹಾಜರಿಯ ಲೆಕ್ಕದಲ್ಲಿ. ಗೈರಾದಾಗ ಕಚೇರಿ ಅಷ್ಟು ಬೆನ್ನು ಹತ್ತುವುದು ಅದಕ್ಕೇ. ದೀಪಾವಳಿ, ಯುಗಾದಿ, ಗೌರಿ-ಗಣೇಶ ಹಬ್ಬಕ್ಕೆ ರಜೆ ಕೇಳಿ ಮುಂಚೆಯೇ ಬರೆದುಕೊಟ್ಟರೆ ಅದು ಒಪ್ಪಿತ ಗೈರು, ತಪ್ಪಿದ ಪರೀಕ್ಷೆ ಮತ್ತೆ ಬರೆಯಲು ಬಿಡಬೇಕು. ಒಪ್ಪಿಗೆ ಇಲ್ಲದ ಗೈರು ಮೂರು ದಿನವಾದರೆ ‘ಟ್ರೂಯೆಂಟ್’ ಎಂಬ ನೋಟೀಸು ಬರುತ್ತದೆ. ಅರ್ಧ ಗಂಟೆಗಿಂತ ಹೆಚ್ಚು ತಡವೂ ಅದಕ್ಕೆ ಸೇರುತ್ತದೆ.

ಊರಿಗೆ ಹೋಗುವುದು ಒಪ್ಪಿತ ಕಾರಣವಲ್ಲ. ಮದುವೆ, ಉಪನಯನ ಅಂತ ಎರಡು ವಾರ ಹೋಗಬೇಕಾದರೆ ‘ಅಲ್ಪಾವಧಿ ಇಂಡಿಪೆಂಡೆಂಟ್ ಸ್ಟಡಿ’ ಕೇಳಿ. 15 ಶಾಲಾ ದಿನಗಳವರೆಗೆ ಇದು ಸಾಧ್ಯ. ಟೀಚರ್ ಕೊಟ್ಟ ಪಾಠ ಮಾಡಿ ಒಪ್ಪಿಸಿದರೆ ಹಾಜರಿ ಸಿಗುತ್ತದೆ, ಶಾಲೆಗೂ ಹಣ ತಪ್ಪುವುದಿಲ್ಲ. ಟಿಕೆಟ್ ಬುಕ್ ಮಾಡಿದ ವಾರವೇ ಅರ್ಜಿ ಹಾಕಿ, ಹೊರಡುವ ಹಿಂದಿನ ದಿನ ಕೇಳಿದರೆ ಪಾಠ ಸಿದ್ಧಪಡಿಸಲು ಟೀಚರ್‌ಗೆ ಹೊತ್ತಿರುವುದಿಲ್ಲ. ಇನ್ನೊಂದು: ಇಲ್ಲಿ ಶಾಲೆ ಆಗಸ್ಟ್ ಮಧ್ಯಕ್ಕೇ ಶುರು. ಬೇಸಿಗೆ ರಜೆಗೆ ಹೋದವರು ಟಿಕೆಟ್ ಅಗ್ಗ ಎಂದು ತಿಂಗಳ ಕೊನೆಗೆ ಬಂದರೆ ಆ ಸೀಟು ಬೇರೆ ಮಗುವಿಗೆ ಹೋಗಿರಬಹುದು.

ಮಗುವಿಗೆ ವಿಶೇಷ ಸಹಾಯ ಬೇಕೆನಿಸಿದರೆ

ಮಾತು ತಡ, ಓದು ಹತ್ತುತ್ತಿಲ್ಲ, ಕೂತಲ್ಲಿ ಕೂರುವುದಿಲ್ಲ. ಇಂಥದ್ದು ಕಂಡಾಗ ನಮ್ಮ ಮನೆಗಳಲ್ಲಿ ‘ಬೆಳೀತಾ ಸರಿ ಹೋಗತ್ತೆ’ ಅನ್ನುತ್ತಾರೆ. ಶಾಲೆಯಲ್ಲೂ ‘ಹೊಸ ಭಾಷೆ, ಸ್ವಲ್ಪ ಕಾಯೋಣ’ ಅನ್ನುವವರು ಸಿಗುತ್ತಾರೆ. ಕಾಯಬೇಡಿ. ಇಂಗ್ಲಿಷ್ ಕಲಿಯುತ್ತಿದ್ದಾನೆ ಎನ್ನುವುದು ಪರೀಕ್ಷೆಯನ್ನು ಮುಂದೂಡಲು ಕಾರಣವಾಗಲಾರದು.

ಪ್ರಿನ್ಸಿಪಾಲರಿಗೂ ಡಿಸ್ಟ್ರಿಕ್ಟಿನ ಸ್ಪೆಷಲ್ ಎಜುಕೇಶನ್ ವಿಭಾಗಕ್ಕೂ ಒಂದೇ ಇಮೇಲ್ ಕಳಿಸಿ. ಮಗುವಿನ ಹೆಸರು, ಹುಟ್ಟಿದ ದಿನ, ತರಗತಿ, ಗಮನಿಸಿದ ಮೂರು ನಾಲ್ಕು ಸಂಗತಿ, ಮತ್ತು ‘ವಿಶೇಷ ಶಿಕ್ಷಣಕ್ಕಾಗಿ ಅಸೆಸ್‌ಮೆಂಟ್ ಮಾಡಬೇಕೆಂದು ಕೋರುತ್ತೇನೆ’ ಎಂಬ ಸ್ಪಷ್ಟ ವಾಕ್ಯ. ಈ ವಾಕ್ಯವಿಲ್ಲದ ಪತ್ರ ಬರೀ ಚಿಂತೆಯ ಪತ್ರವಾಗಿ ಫೈಲಿಗೆ ಸೇರುತ್ತದೆ. ಅದು ತಲುಪಿದ 15 ದಿನದೊಳಗೆ ಅಸೆಸ್‌ಮೆಂಟ್ ಪ್ಲ್ಯಾನ್ ನಿಮ್ಮ ಕೈಗೆ ಬರಬೇಕು. ನೀವು ಸಹಿ ಮಾಡಿ ಕೊಟ್ಟ ಮೇಲೆ 60 ದಿನದೊಳಗೆ ಪರೀಕ್ಷೆಗಳೆಲ್ಲ ಮುಗಿದು ಐಇಪಿ (ಮಗುವಿಗೆಂದೇ ಬರೆಯುವ ವಿಶೇಷ ಶಿಕ್ಷಣದ ಯೋಜನೆ) ಸಭೆ ಆಗಬೇಕು. ಬೇಸಿಗೆ ರಜೆಯಂಥ ದೊಡ್ಡ ರಜೆಗಳು ಈ ಎಣಿಕೆಗೆ ಸೇರುವುದಿಲ್ಲ. ಮೇನಲ್ಲಿ ಕೇಳಿದರೆ ಆಗಸ್ಟ್ ದಾಟಿ ಹೋಗುತ್ತದೆ, ಜನವರಿಯಲ್ಲೇ ಕೇಳಿ. ಪ್ಲ್ಯಾನಿನಲ್ಲಿ ಕನ್ನಡದಲ್ಲೂ ಪರೀಕ್ಷಿಸಬೇಕು ಎಂದು ಬರೆಸಿ. ಮನೆಯಲ್ಲಿ ಕನ್ನಡದಲ್ಲಿ ಕಥೆ ಹೇಳುವ ಮಗು ಇಂಗ್ಲಿಷಿನಲ್ಲಿ ಮಾತ್ರ ಮೌನವಾಗಿದ್ದರೆ ಅದು ಬೇರೆ ವಿಷಯ. ಎರಡರಲ್ಲೂ ತಡವರಿಸಿದರೆ ಬೇರೆ.

ಸಭೆಗೆ ಒಂದು ವಾರ ಮುಂಚೆ ವರದಿಗಳ ಪ್ರತಿ ಕೇಳಿ. 24 ಗಂಟೆ ಮುಂಚೆ ತಿಳಿಸಿದರೆ ಸಭೆಯ ಮಾತನ್ನು ರೆಕಾರ್ಡ್ ಮಾಡಿಕೊಳ್ಳಲೂ ಬಹುದು. ಮೇಜಿನ ಸುತ್ತ ಏಳೆಂಟು ಜನ ಕೂತು, ಸಹಿ ಹಾಕಿ ಅಂದಾಗ ಸಂಕೋಚಕ್ಕೆ ಹಾಕಬೇಡಿ, ಮನೆಗೆ ತಂದು ಓದಿ. ಒಪ್ಪಿದ ಭಾಗಕ್ಕಷ್ಟೇ ಸಹಿ ಹಾಕಿ, ಒಪ್ಪದ್ದನ್ನು ಬರೆದು ಕೊಡಬಹುದು. ಒಪ್ಪಿದ ಸಹಾಯ ಕೂಡಲೇ ಶುರುವಾಗುತ್ತದೆ. ಮಗುವಿನ ಯಾವುದೇ ದಾಖಲೆಯ ಪ್ರತಿಯನ್ನು ಬರೆದು ಕೇಳಿದರೆ 5 ಕೆಲಸದ ದಿನದಲ್ಲಿ ಕೊಡಬೇಕು.

ಕೀಟಲೆ, ಹೆಸರಿನ ಬಗ್ಗೆ ಅಣಕ, ಬಣ್ಣ ಜಾತಿ ಧರ್ಮ ಹಿಡಿದು ಹಿಂಸೆ ನಡೆದರೂ ದಾರಿ ಇದೇ: ಯಾವ ದಿನ, ಯಾವ ಜಾಗ, ಯಾವ ಮಾತು ಎಂದು ಅದೇ ದಿನ ಬರೆದು ಕಳಿಸಿ. ಮಗು ಹೇಳಿದ ಶಬ್ದವನ್ನೇ ಬರೆಯಿರಿ, ಸಭ್ಯ ಮಾಡಲು ಹೋಗಬೇಡಿ. ಪ್ರಿನ್ಸಿಪಾಲರ ಮಟ್ಟದಲ್ಲಿ ಬಗೆಹರಿಯದಿದ್ದರೆ ‘ಯೂನಿಫಾರ್ಮ್ ಕಂಪ್ಲೇಂಟ್’ ಎಂಬ ಔಪಚಾರಿಕ ದೂರು ಕೊಡಬಹುದು, ಘಟನೆಯ 6 ತಿಂಗಳೊಳಗೆ. 60 ದಿನದಲ್ಲಿ ಡಿಸ್ಟ್ರಿಕ್ಟ್ ಬರಹದಲ್ಲಿ ತೀರ್ಮಾನ ಕೊಡಬೇಕು.

ಹೈಸ್ಕೂಲಿಗೆ ಬಂದು ಸೇರುವವರು

ಒಂಬತ್ತನೇ ತರಗತಿಯಿಂದ ಪ್ರತಿ ಅಂಕವೂ ಕಾಲೇಜಿನವರೆಗೆ ಹಿಂಬಾಲಿಸುತ್ತದೆ. ನಮ್ಮಲ್ಲಿ 60 ಫಸ್ಟ್ ಕ್ಲಾಸ್. ಇಲ್ಲಿ 60ಕ್ಕೆ ‘ಡಿ’. ಹಿಂದಿನ ಶಾಲೆಯಿಂದ ಬೋರ್ಡಿನ ಅಂಕ-ದರ್ಜೆ ಪಟ್ಟಿಯನ್ನು ಮೊಹರಿನೊಂದಿಗೆ ತಂದು ಅಂಕಪಟ್ಟಿಯ ಜೊತೆ ಲಗತ್ತಿಸದಿದ್ದರೆ 75 ತೆಗೆದ ಮಗುವಿಗೆ ‘ಸಿ’ ಬೀಳಬಹುದು. ಕ್ಯಾಲಿಫೋರ್ನಿಯಾದ ಎರಡು ಸರ್ಕಾರಿ ವಿಶ್ವವಿದ್ಯಾಲಯ ವ್ಯವಸ್ಥೆಗಳಾದ ಯುಸಿ, ಸಿಎಸ್‌ಯು ಕೇಳುವ 15 ವರ್ಷಪೂರ್ತಿ ಕೋರ್ಸುಗಳಿಗೆ ‘ಎ-ಜಿ’ ಎನ್ನುತ್ತಾರೆ. ಊರಿನಲ್ಲಿ ಓದಿದ್ದರಲ್ಲಿ ಯಾವುದು ಇದಕ್ಕೆ ಹೊಂದುತ್ತದೆ ಎಂದು ಕೌನ್ಸೆಲರ್ ಜೊತೆ ಮೊದಲ ವಾರವೇ ಕೂತು ಬರೆಸಿ. ಎರಡು ಭಾಷೆ ಬಲ್ಲವರ ಹೈಸ್ಕೂಲ್ ಡಿಪ್ಲೊಮಾಗೆ ರಾಜ್ಯ ಹಾಕುವ ‘ಸೀಲ್ ಆಫ್ ಬೈಲಿಟರಸಿ’ ಮುದ್ರೆಗೆ ಕನ್ನಡವನ್ನು ಯಾವ ಪರೀಕ್ಷೆಯಿಂದ ಒಪ್ಪುತ್ತಾರೆ ಎಂದೂ ಆಗಲೇ ಕೇಳಿ. ಮಾತಾಡಲು ಬಂದರೆ ಸಾಲದು, ಓದು ಬರಹ ಬೇಕು. ಭಾನುವಾರದ ಕನ್ನಡ ಶಾಲೆಯನ್ನು ಆರನೇ ಕ್ಲಾಸಿಗೇ ಬಿಡಿಸುವ ಮುಂಚೆ ಇದನ್ನು ಯೋಚಿಸಿ.

ಸಭೆಗಳಿಗೆ ಹೋಗಿ

21 ಅಥವಾ ಹೆಚ್ಚು ಇಂಗ್ಲಿಷ್ ಕಲಿಯುವ ಮಕ್ಕಳಿರುವ ಪ್ರತಿ ಶಾಲೆಯಲ್ಲೂ ‘ಈಲ್ಯಾಕ್’ ಎಂಬ ಪೋಷಕರ ಸಮಿತಿ ಇರಲೇಬೇಕು. ಕೆಲವರೇ ಬರುವ ಸಭೆ ಅದು, ಹಾಗಾಗಿ ಒಬ್ಬರ ಮಾತಿಗೂ ತೂಕವಿದೆ. ಡಿಸ್ಟ್ರಿಕ್ಟಿನ ಹಣ ಎಲ್ಲಿ ಖರ್ಚಾಗುತ್ತದೆ ಎನ್ನುವ ‘ಎಲ್‌ಕ್ಯಾಪ್’ ಯೋಜನೆಗೆ ಪ್ರತಿ ವರ್ಷ ಜುಲೈ 1ರೊಳಗೆ ಒಪ್ಪಿಗೆ ಆಗಬೇಕು. ಮಾತಾಡಬೇಕಾದ ಕಾಲ ಫೆಬ್ರುವರಿಯಿಂದ ಮೇ.

ಮಂಡಳಿಯ ಸಾಮಾನ್ಯ ಸಭೆಯ ವಿಷಯಪಟ್ಟಿ 72 ಗಂಟೆ ಮುಂಚೆ ಪ್ರಕಟವಾಗುತ್ತದೆ. ಮಾತಾಡುವವರು ಚೀಟಿ ಬರೆದು ಕೊಡಬೇಕು, ಸಿಗುವುದು ಎರಡು ಮೂರು ನಿಮಿಷ. ಯಾವ ವಿಷಯ ಸಂಖ್ಯೆ, ಏನಾಗಬೇಕು, ಯಾಕೆ: ಈ ಮೂರನ್ನು ಮೊದಲ ನಿಮಿಷದಲ್ಲೇ ಹೇಳಿ, ಬರೆದ ಪ್ರತಿಯನ್ನು ಕಾರ್ಯದರ್ಶಿಗೆ ಕೊಟ್ಟು ಬನ್ನಿ. ಇಂಗ್ಲಿಷಿನಲ್ಲಿ ತಡವರಿಸುವ ಹೆದರಿಕೆ ಇದ್ದರೆ ಮುಂಚೆಯೇ ದುಭಾಷಿಯನ್ನು ಕೇಳಿ. ದುಭಾಷಿಯ ಮೂಲಕ ಮಾತಾಡುವವರಿಗೆ ಸಮಯವನ್ನು ಇಮ್ಮಡಿ ಕೊಡಬೇಕೆಂದು ರಾಜ್ಯದ ಕಾನೂನಿದೆ.